ಗಿರಣಿ ಮುಚ್ಚಿದ ಊರಿಗೆ 150 ಜನರನ್ನು ಕರ್ಕೊಂಡು ಹೋದ ಆಶ್ಬಿ: ಸಂಘ ಮುಳುಗಿತು, ಊರು ಉಳಿಯಿತು

ಕೆಜಿಎಫ್: ಬೆಳಗ್ಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡೋ ರೈಲಿನಲ್ಲಿ ಒಮ್ಮೆ ಹತ್ತಿ ನೋಡಿ. ಕೂರೋಕೆ ಜಾಗ ಇರಲಿ, ನಿಲ್ಲೋಕೂ ಕಷ್ಟ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತ ಮೇಲೆ ನಮ್ಮೂರಿನ ದುಡಿಮೆಯೆಲ್ಲ ಈ ರೈಲಿನಲ್ಲೇ ಹೋಗಿ, ರೈಲಿನಲ್ಲೇ ಬರ್ತಿದೆ. ಊರನ್ನ ಮತ್ತೆ ಎಬ್ಬಿಸೋದು ಹೇಗೆ ಅಂತ ಟೀ ಅಂಗಡಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಹೊರಗಿನವರು ಬರಬೇಕು ಅಂತ ಕೆಲವರು. ಹೊರಗಿನವರು ಬಂದ್ರೆ ನಮಗೇನು ಸಿಗುತ್ತೆ ಅಂತ ಇನ್ನು ಕೆಲವರು.

ಇದೇ ಎರಡು ಮಾತಿನ ನಡುವೆ ಸಿಕ್ಕಿ ಒದ್ದಾಡಿದ ಒಬ್ಬ ಮನುಷ್ಯನ ಕಥೆ ಇದು. ಹೆಸರು ಚಾರ್ಲ್ಸ್ ರಾಬರ್ಟ್ ಆಶ್ಬಿ. ಇಂಗ್ಲೆಂಡಿನವರು. ತೀರಿಕೊಂಡು 80 ವರ್ಷ ದಾಟಿದೆ. ಕಟ್ಟಡ, ಬೆಳ್ಳಿ ಪಾತ್ರೆ, ಮರಗೆಲಸ, ಪುಸ್ತಕ ಮುದ್ರಣ ಇವುಗಳ ಚರಿತ್ರೆ ಓದಿದವರಿಗೆ ದೊಡ್ಡ ಹೆಸರು. ಶಿವನಸಮುದ್ರದಿಂದ ತಂತಿ ಎಳೆದು ನಮ್ಮ ಗಣಿಗಳಿಗೆ ಕರೆಂಟು ಕೊಟ್ಟ ವರ್ಷ 1902 ಅಂತ ಇಲ್ಲಿಯ ಮಕ್ಕಳಿಗೂ ಗೊತ್ತು. ಅದೇ 1902ರಲ್ಲಿ ಈ ಮನುಷ್ಯ ಲಂಡನ್ನಿನಿಂದ ಸುಮಾರು 50 ಮಂದಿ ಕುಶಲಕರ್ಮಿಗಳನ್ನು, ಅವರ ಹೆಂಡತಿ ಮಕ್ಕಳನ್ನು, ಒಟ್ಟು 150ರಷ್ಟು ಜನರನ್ನು ಕಟ್ಟಿಕೊಂಡು ದುಡಿಮೆ ನಿಂತುಹೋದ ಒಂದು ಹಳೇ ಊರಿಗೆ ಹೋದರು.

ಸಾಹುಕಾರನ ಮಗ, ಬಡವರ ಬೀದಿ

ಆಶ್ಬಿ ಹುಟ್ಟಿದ್ದು 1863ರ ಮೇ 17ರಂದು, ಲಂಡನ್ನಿನ ಹತ್ತಿರದ ಐಲ್‌ವರ್ತ್‌ನಲ್ಲಿ. ತಂದೆ ಹೆನ್ರಿ ಸ್ಪೆನ್ಸರ್ ಆಶ್ಬಿ ಭಾರಿ ವ್ಯಾಪಾರಿ. ಪುಸ್ತಕ ಕೂಡಿಡೋ ಹುಚ್ಚಿನವರು, ಅದರಲ್ಲೂ ಆ ಕಾಲದಲ್ಲಿ ಯಾರೂ ಬಹಿರಂಗವಾಗಿ ಓದದ ಶೃಂಗಾರ ಪುಸ್ತಕಗಳ ಹುಚ್ಚು. ತಾಯಿ ಎಲಿಜಬೆತ್ ಜರ್ಮನಿಯ ಹ್ಯಾಂಬರ್ಗ್‌ನ ಯಹೂದಿ ಮನೆತನದವರು. ಮಗ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಓದಿ ಬಂದು ಅಪ್ಪನ ವ್ಯಾಪಾರಕ್ಕೆ ಕೂರಲ್ಲ ಅಂದುಬಿಟ್ಟರು. ಅಪ್ಪನಿಗೂ ಮಗನಿಗೂ ಅಲ್ಲಿಂದ ಸರಿಬರಲಿಲ್ಲ. ಮುಂದೆ ತಾಯಿ ಗಂಡನನ್ನು ಬಿಟ್ಟು ಮಗನ ಜೊತೆ ಬಂದು ನೆಲೆಸಿದರು.

ಕೇಂಬ್ರಿಡ್ಜ್‌ನಲ್ಲಿದ್ದಾಗಲೇ ಎಡ್ವರ್ಡ್ ಕಾರ್ಪೆಂಟರ್ ಅನ್ನೋ ಸಮಾಜವಾದಿ ಬರಹಗಾರರ ಪ್ರಭಾವ ಆಶ್ಬಿ ಮೇಲೆ ಬಿದ್ದಿತ್ತು. ಓದಿದವನು ಕೈಕೆಲಸದವನ ಪಕ್ಕ ಕೂರಬೇಕು, ಹಳ್ಳಿಯಲ್ಲಿ ಸರಳವಾಗಿ ಬಾಳಬೇಕು ಅನ್ನೋದು ಆ ವಿಚಾರ. ಜಾನ್ ರಸ್ಕಿನ್, ವಿಲಿಯಂ ಮಾರಿಸ್ ಇವರ ಬರಹಗಳೂ ತಲೆಯಲ್ಲಿ ತುಂಬಿದ್ದವು. ಕಾರ್ಖಾನೆ ಬಂದು ಮನುಷ್ಯನ ಕೈಯಿಂದ ಕೆಲಸದ ಸಂತೋಷ ಕಿತ್ತುಕೊಂಡಿದೆ, ಅದನ್ನ ವಾಪಸ್ ಕೊಡಬೇಕು ಅನ್ನೋದು ಅವರೆಲ್ಲರ ಹಠ. ರಸ್ಕಿನ್ ಪುಸ್ತಕ ಗಾಂಧೀಜಿಯವರ ಮೇಲೆ ಏನು ಪರಿಣಾಮ ಮಾಡಿತು ಅಂತ ನಮಗೆ ಗೊತ್ತೇ ಇದೆ.

ಕಟ್ಟಡ ವಿನ್ಯಾಸದ ಕೆಲಸ ಕಲಿಯುತ್ತಾ ಆಶ್ಬಿ ವಾಸಕ್ಕೆ ಹೋಗಿದ್ದು ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ಗೆ. ಅದು ಕಡುಬಡವರ ಪ್ರದೇಶ. ಓದಿದ ಯುವಕರು ಬಡವರ ನಡುವೆ ಇದ್ದು ಪಾಠ ಮಾಡಲಿ ಅಂತ ಅಲ್ಲಿ ಟಾಯ್ನ್‌ಬಿ ಹಾಲ್ ಅನ್ನೋ ಸಂಸ್ಥೆ ನಡೀತಿತ್ತು. ಆಶ್ಬಿ ಅಲ್ಲಿ ಸಂಜೆ ಹೊತ್ತು ದುಡಿಯೋ ಹುಡುಗರಿಗೆ ರಸ್ಕಿನ್ ಬರಹ ಓದಿ ಹೇಳುತ್ತಿದ್ದರು. ಬರೀ ಓದಿದರೆ ಸಾಕಾ ಅನ್ನಿಸಿತು. ಹುಡುಗರ ಕೈಗೆ ಬಣ್ಣ ಕೊಟ್ಟು ಊಟದ ಹಾಲ್‌ನ ಗೋಡೆಗೆ ಚಿತ್ರ ಬರೆಸಿದರು. ಅಲ್ಲಿಂದಲೇ ಒಂದು ಯೋಜನೆ ಮೊಳೆಯಿತು.

ಯೋಜನೆ ಹಿಡಿದುಕೊಂಡು ವಿಲಿಯಂ ಮಾರಿಸ್ ಹತ್ತಿರ ಹೋದರೆ ಆ ಹಿರಿಯರು ಪೂರ್ತಿ ತಣ್ಣೀರು ಎರಚಿದರು. ಸಮಾಜವೇ ಬದಲಾಗದೆ ಇಂಥ ಸಣ್ಣಪುಟ್ಟ ಪ್ರಯೋಗದಿಂದ ಏನೂ ಆಗಲ್ಲ ಅನ್ನೋದು ಅವರ ವಾದ. ಆಶ್ಬಿ ಕೇಳಲಿಲ್ಲ. 25ನೇ ವಯಸ್ಸಿನಲ್ಲಿ, 1888ರ ಜೂನ್‌ನಲ್ಲಿ, 50 ಪೌಂಡ್ ಬಂಡವಾಳದಲ್ಲಿ, ಬೆರಳೆಣಿಕೆಯ ಜನರೊಂದಿಗೆ ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್ ಶುರು ಮಾಡಿದರು. ಕೈಕೆಲಸದ ಸಂಘ. ಅದರ ಜೊತೆಗೊಂದು ಶಾಲೆ.

ಈ ಸಂಘದ ವಿಶೇಷ ಏನಪ್ಪಾ ಅಂದ್ರೆ, ನುರಿತ ಕೆಲಸಗಾರರನ್ನೇ ಹುಡುಕಿ ತರಲಿಲ್ಲ. ತಳ್ಳುಗಾಡಿ ತಳ್ಳುತ್ತಿದ್ದ ಹುಡುಗ, ಪುಸ್ತಕದ ಅಂಗಡಿಯಲ್ಲಿದ್ದವನು, ಇಂಥವರನ್ನು ಕೂರಿಸಿ ಬೆಳ್ಳಿ ತಗಡು ಬಡಿಯೋದು, ಮರ ಕೆತ್ತೋದು ಕಲಿಸಿದರು. ವಿನ್ಯಾಸ ಹೆಚ್ಚಾಗಿ ಆಶ್ಬಿಯವರದು, ಕೈ ಅವರದು. ಸುತ್ತಿಗೆ ಏಟಿನ ಗುರುತನ್ನು ಉಜ್ಜಿ ಅಳಿಸದೆ ಹಾಗೇ ಬಿಡುತ್ತಿದ್ದರು. ಉದ್ದನೆ ತಂತಿ ಬಾಗಿಸಿದಂಥ ಹಿಡಿಕೆಯ ಬೆಳ್ಳಿ ಬಟ್ಟಲುಗಳು ಈಗ ಮ್ಯೂಸಿಯಂಗಳಲ್ಲಿ ಗಾಜಿನ ಪೆಟ್ಟಿಗೆಯೊಳಗಿವೆ. ಲಾಭದಲ್ಲಿ ಕೆಲಸಗಾರರಿಗೆ ಪಾಲು, ಆಡಳಿತ ಮಂಡಳಿಯಲ್ಲಿ ಅವರ ಪ್ರತಿನಿಧಿ. 1896ರಲ್ಲಿ ಮಾರಿಸ್ ತೀರಿಕೊಂಡ ಮೇಲೆ ಅವರ ಹೆಸರಾಂತ ಕೆಲ್ಮ್‌ಸ್ಕಾಟ್ ಮುದ್ರಣಾಲಯದ ಅಚ್ಚಿನ ಯಂತ್ರಗಳನ್ನು ಆಶ್ಬಿಯೇ ಕೊಂಡು ತಂದರು. 1900ರಲ್ಲಿ ಸಂಘದ ವಸ್ತುಗಳು ವಿಯೆನ್ನಾದ ಪ್ರದರ್ಶನಕ್ಕೆ ಹೋದವು. ಅಲ್ಲಿಯ ಕಲಾವಿದರು 1903ರಲ್ಲಿ ತಮ್ಮದೇ ಕಾರ್ಯಾಗಾರ ಕಟ್ಟುವಾಗ ಇದನ್ನೇ ಮಾದರಿ ಮಾಡಿಕೊಂಡರು.

ಇನ್ನೊಂದು ಕೆಲಸ ಹೇಳಲೇಬೇಕು. ಲಂಡನ್ನಿನ ಮೈಲ್ ಎಂಡ್ ರಸ್ತೆಯಲ್ಲಿ 1695ರ ಕಾಲದ ವೃದ್ಧರ ವಸತಿಗಳನ್ನು ಕೆಡವಲು ಹೊರಟಾಗ ಆಶ್ಬಿ ಅಡ್ಡ ನಿಂತು ಉಳಿಸಿದರು. ನಗರದ ಹಳೇ ಕಟ್ಟಡಗಳನ್ನೆಲ್ಲ ಬೀದಿ ಬೀದಿ ಸುತ್ತಿ ದಾಖಲಿಸೋ ಸರ್ವೆ ಆಫ್ ಲಂಡನ್ ಶುರು ಮಾಡಿದ್ದೂ ಅವರೇ, 1894ರಲ್ಲಿ. ಅದು ಇವತ್ತಿಗೂ ನಡೀತಿದೆ. ನಮ್ಮ ಚಾಂಪಿಯನ್ ರೀಫ್, ಊರಗಾಂನ ಹಳೇ ಬಂಗಲೆಗಳನ್ನು ಹೀಗೆ ಯಾರಾದರೂ ಬರೆದಿಟ್ಟುಕೊಳ್ತಿದ್ದಾರಾ ಅನ್ನೋ ಪ್ರಶ್ನೆ ಇದನ್ನು ಬರೆಯುವಾಗ ಬಂದೇ ಬರುತ್ತೆ.

1898ರಲ್ಲಿ ಮದುವೆ. ಹೆಂಡತಿ ಜಾನೆಟ್ ಫೋರ್ಬ್ಸ್, ಆಶ್ಬಿಗಿಂತ ತುಂಬಾ ಚಿಕ್ಕವರು. ಆಶ್ಬಿಯವರ ಒಲವು ಪುರುಷರ ಕಡೆಗಿತ್ತು. ಆಗಿನ ಇಂಗ್ಲೆಂಡಿನಲ್ಲಿ ಅದು ಜೈಲಿಗೆ ಹಾಕೋ ಅಪರಾಧ. ಮದುವೆಗೆ ಮುಂಚೆಯೇ ತನ್ನ ಗೆಳೆತನಗಳ ವಿಷಯ ಆಕೆಗೆ ಪತ್ರದಲ್ಲಿ ತಿಳಿಸಿದ್ದರು. ಕಷ್ಟದ ದಿನಗಳೂ ಇದ್ದವು, ಆದರೂ ಸಂಸಾರ ಕೊನೆತನಕ ನಿಂತಿತು. ನಾಲ್ಕು ಹೆಣ್ಣುಮಕ್ಕಳು. ಮುಂದೆ ಹೇಳುವ ಹಳ್ಳಿಯ ಸಾಹಸದಲ್ಲಿ ಕೆಲಸಗಾರರ ಮನೆಯವರನ್ನು ಒಗ್ಗೂಡಿಸಿ ಇಟ್ಟಿದ್ದು ಬಹುಮಟ್ಟಿಗೆ ಜಾನೆಟ್.

ಕೆಲಸ ನಿಂತ ಊರು

1902ಕ್ಕೆ ಲಂಡನ್ನಿನ ಕಾರ್ಯಾಗಾರದ ಗುತ್ತಿಗೆ ಮುಗಿಯೋದಿತ್ತು. ನಗರ ಬಿಟ್ಟು ಹಳ್ಳಿಗೆ ಹೋಗೋಣ ಅನ್ನೋದು ಆಶ್ಬಿಯವರ ಹಳೇ ಆಸೆ. ಆದರೆ ಹುಕುಂ ಮಾಡಲಿಲ್ಲ, ಕೆಲಸಗಾರರ ಮುಂದೆ ಮತಕ್ಕೆ ಹಾಕಿದರು. ಹೋಗೋಣ ಅನ್ನೋರೇ ಹೆಚ್ಚಾದರು.

ಆರಿಸಿಕೊಂಡ ಊರು ಚಿಪ್ಪಿಂಗ್ ಕ್ಯಾಂಪ್ಡೆನ್. ಕಾಟ್ಸ್‌ವೋಲ್ಡ್ಸ್ ಅನ್ನೋ ಗುಡ್ಡಗಾಡಿನಲ್ಲಿದೆ. 14, 15ನೇ ಶತಮಾನದಲ್ಲಿ ಉಣ್ಣೆ ವ್ಯಾಪಾರದ ದೊಡ್ಡ ಕೇಂದ್ರ. ಅಲ್ಲಿಯ ದೊಡ್ಡ ಚರ್ಚು, ಬೀದಿಯುದ್ದಕ್ಕೂ ಜೇನಿನ ಬಣ್ಣದ ಕಲ್ಲಿನ ಮನೆಗಳು ಎಲ್ಲ ಆ ಉಣ್ಣೆ ದುಡ್ಡಿನದು. ಉಣ್ಣೆ ಹೋಯ್ತು. ಆಮೇಲೆ ರೇಷ್ಮೆ ಬಂತು. ಊರಿನ ಗಿರಣಿಯಲ್ಲಿ ರೇಷ್ಮೆ ನೂಲು ಹುರಿ ಮಾಡಿ ಕೊವೆಂಟ್ರಿಯ ರಿಬ್ಬನ್ ನೇಯುವವರಿಗೆ ಕಳಿಸುತ್ತಿದ್ದರು. ಹುರಿ ಮಾಡೋದು ಅಂದ್ರೆ ಏನು ಅಂತ ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1860ರಲ್ಲಿ ಫ್ರಾನ್ಸಿನ ರೇಷ್ಮೆ ಮಾಲಿನ ಮೇಲಿನ ಸುಂಕ ತೆಗೆದಾಗ ಕೊವೆಂಟ್ರಿಯ ರಿಬ್ಬನ್ ಉದ್ಯಮ ಮಕಾಡೆ ಮಲಗಿತು. ಕ್ಯಾಂಪ್ಡೆನ್ ಗಿರಣಿಗೂ ಬೀಗ ಬಿತ್ತು. ಅದರ ಹಿಂದೆಯೇ ಅಮೆರಿಕದ ಅಗ್ಗದ ಗೋಧಿ ಬಂದು ಬೇಸಾಯವೂ ನೆಲಕಚ್ಚಿತು. ಹುಡುಗರು ಊರು ಬಿಟ್ಟರು. ಎರಡು ಸಾವಿರಕ್ಕಿಂತ ಕಡಿಮೆ ಜನ ಉಳಿದಿದ್ದರು, ಎಷ್ಟೋ ಮನೆ ಖಾಲಿ. ರೈಲು ನಿಲ್ದಾಣವೋ ಊರಿನಿಂದ ಆಚೆ.

ಆಶ್ಬಿಗೆ ಬೇಕಾಗಿದ್ದು ಇದೇ. ದೊಡ್ಡ ಗಿರಣಿ ಖಾಲಿ ಇದೆ, ಮನೆಗಳು ಖಾಲಿ ಇವೆ.

ಮುಚ್ಚಿದ ರೇಷ್ಮೆ ಗಿರಣಿಯ ಬೀಗ ತೆಗೆಸಿದರು. ನೆಲಮಹಡಿಯಲ್ಲಿ ಕಚೇರಿ ಮತ್ತು ಮುದ್ರಣ, ಮೇಲೆ ಬೆಳ್ಳಿ ಕೆಲಸದವರು, ಒಡವೆ ಮಾಡುವವರು, ಎನಾಮಲ್ ಬಣ್ಣ ತುಂಬುವವರು. ಅದರ ಮೇಲೆ ಬಡಗಿಗಳು, ಮರ ಕೆತ್ತುವವರು. ಕಮ್ಮಾರರ ಕುಲುಮೆ ಪಕ್ಕದಲ್ಲಿ. ಮದುವೆಯಾಗದ ಹುಡುಗರಿಗೆ ದೊಡ್ಡ ಬೀದಿಯಲ್ಲೇ ಒಂದು ಹಾಸ್ಟೆಲ್. ಆಶ್ಬಿ ದಂಪತಿ ಇದ್ದದ್ದು ಉಣ್ಣೆ ವ್ಯಾಪಾರದ ಕಾಲದ ಒಂದು ಹಳೇ ಮನೆಯಲ್ಲಿ.

ಊರಿನವರು ಏನಂದರು?

ಇಂಥ ಕಥೆಗಳನ್ನು ಹೇಳುವಾಗ ಸಾಮಾನ್ಯವಾಗಿ ಈ ಭಾಗವನ್ನು ಹಾರಿಸಿಬಿಡ್ತಾರೆ. ಊರಿನ ಅರ್ಧ ಜನಕ್ಕೆ ಇವರು ಬಂದಿದ್ದು ಇಷ್ಟವಾಗಲಿಲ್ಲ.

ಕಾರಣ ಬಾಡಿಗೆ. ಹೊಲದಲ್ಲಿ ಕೂಲಿ ಮಾಡೋನು ಕೊಡ್ತಿದ್ದ ಬಾಡಿಗೆಗಿಂತ ಲಂಡನ್ ಕೆಲಸಗಾರ ಹೆಚ್ಚು ಕೊಡಬಲ್ಲ. ಮನೆ ಮಾಲೀಕರು ಸುಮ್ಮನಿರ್ತಾರಾ? ಬಾಡಿಗೆ ಏರಿತು. ಇದ್ದವರು ಕೆಲವರು ಮನೆ ಬಿಡಬೇಕಾಯಿತು. ಅಂಗಡಿಗಳಲ್ಲಿ ಊರಿನವರಿಗೊಂದು ರೇಟು, ಲಂಡನ್ನಿನವರಿಗೊಂದು ರೇಟು ಅನ್ನೋ ದೂರು ಈ ಕಡೆಯಿಂದ. ಬಂದವರ ಮಾತು ಬೇರೆ, ಬಟ್ಟೆ ಬೇರೆ, ರಾಜಕೀಯ ಬೇರೆ. ಊರಿನ ಜಮೀನೆಲ್ಲ ಒಬ್ಬ ಪ್ರಭುವಿನದು, ಜನ ಅವನ ಮುಂದೆ ಟೋಪಿ ತೆಗೆದು ನಿಲ್ಲೋರು. ಬಂದವರೋ ಸಮಾಜವಾದ ಮಾತಾಡೋರು, ಯೂನಿಯನ್ ಗೊತ್ತಿದ್ದವರು. ಕೆಜಿಎಫ್‌ನಲ್ಲಿ ಹೊರಗಿನವರು ಒಳಗಿನವರು ಅನ್ನೋ ಜಗಳ ಇಲ್ಲ ಅಂತೀವಿ, ಯಾಕಂದ್ರೆ ಇಲ್ಲಿ ಗಣಿಗೆ ಎಲ್ಲರೂ ಎಲ್ಲಿಂದಲೋ ಬಂದವರೇ. ಕ್ಯಾಂಪ್ಡೆನ್ ಹಾಗಲ್ಲ. ತಲೆತಲಾಂತರದಿಂದ ಅಲ್ಲೇ ಇದ್ದ ಜನ.

ಆಶ್ಬಿಯ ತಪ್ಪು ಇಲ್ಲಿ ಇದೆ ಅಂತ ನನ್ನ ಅಭಿಪ್ರಾಯ. ಹೊರಡುವ ಮುಂಚೆ ತನ್ನ ಕೆಲಸಗಾರರ ಮತ ಕೇಳಿದರು. ಹೋಗಿ ಸೇರುವ ಊರಿನವರ ಮತ ಯಾರೂ ಕೇಳಲಿಲ್ಲ.

ಆದರೆ ಕೈಕಟ್ಟಿ ಕೂರಲಿಲ್ಲ. ನಾಟಕ ಆಡಿಸಿದರು, ಬೆನ್ ಜಾನ್ಸನ್ ಕಾಲದ ಹಳೇ ನಾಟಕಗಳನ್ನು ಬೆಳ್ಳಿ ಕೆಲಸದವರೇ ವೇಷ ಹಾಕಿ ಆಡಿದರು. ಬ್ಯಾಂಡ್ ಕಟ್ಟಿದರು. ಫುಟ್‌ಬಾಲ್ ಆಟದಲ್ಲಿ ಊರಿನ ಹುಡುಗರೂ ಲಂಡನ್ ಹುಡುಗರೂ ಒಂದಾದರು. ಕೆಲಸಗಾರರೇ ಸೇರಿ ಈಜುಕೊಳ ಮಾಡಿದರು, ಊರಿನ ಶಾಲೆ ಮಕ್ಕಳು ಅಲ್ಲಿ ಈಜು ಕಲಿತರು. 1904ರಲ್ಲಿ ಒಂದು ಕಲಾ ಮತ್ತು ಕೈಕೆಲಸದ ಶಾಲೆ ತೆರೆದರು. ಬರೀ ಸಂಘದವರಿಗಲ್ಲ, ಊರಿನವರಿಗೆ. ಮರಗೆಲಸ, ಬೆಳ್ಳಿ ಕೆಲಸ ಅಷ್ಟೇ ಅಲ್ಲದೆ ಅಡುಗೆ, ತೋಟಗಾರಿಕೆ ಕೂಡ ಅಲ್ಲಿ ಪಾಠ. ಹೊರಗಿನಿಂದ ದೊಡ್ಡ ದೊಡ್ಡವರು ಬಂದು ಭಾಷಣ ಮಾಡಿ ಹೋದರು. ಈ ಶಾಲೆಯೇ ಊರಿನವರ ಮುನಿಸನ್ನು ಕಮ್ಮಿ ಮಾಡಿದ್ದು. ನಿನ್ನ ಮಗ ಸಂಜೆ ಅಲ್ಲಿ ಹೋಗಿ ಏನೋ ಕಲಿತು ಬಂದರೆ ಎಷ್ಟು ದಿನ ಬೈತೀಯ?

ಬೆಳ್ಳಿ ಬಟ್ಟಲಿಗೆ ಗಿರಾಕಿ ಇಲ್ಲ

ಮೂರ್ನಾಲ್ಕು ವರ್ಷ ಚೆನ್ನಾಗೇ ನಡೆಯಿತು. ಆಮೇಲೆ ಲೆಕ್ಕ ತಪ್ಪಿತು.

ಮೊದಲ ಏಟು ಮಾರುಕಟ್ಟೆಯಿಂದ. ಲಂಡನ್ನಿನ ಲಿಬರ್ಟಿ ಅನ್ನೋ ದೊಡ್ಡ ಅಂಗಡಿ 1899ರಿಂದಲೇ ಸಿಮ್ರಿಕ್ ಹೆಸರಿನಲ್ಲಿ ಬೆಳ್ಳಿ ವಸ್ತು ಮಾರಲು ತೊಡಗಿತ್ತು. ನೋಡೋಕೆ ಕೈಕೆಲಸದ ಹಾಗೇ ಇರುತ್ತೆ, ತಯಾರಿ ಬಹುಪಾಲು ಯಂತ್ರದಲ್ಲಿ. ಸುತ್ತಿಗೆ ಗುರುತೂ ಇರುತ್ತೆ. ಬೆಲೆ ಕಮ್ಮಿ. ಗಿರಾಕಿಗೆ ವ್ಯತ್ಯಾಸ ಗೊತ್ತಾಗಲ್ಲ, ಗೊತ್ತಾದರೂ ಜೇಬು ಕೇಳಲ್ಲ. ಚನ್ನಪಟ್ಟಣದ ಬೊಂಬೆಯವರು ಚೀನಾ ಪ್ಲಾಸ್ಟಿಕ್ ಆಟಿಕೆ ಬಂದಾಗ ಅನುಭವಿಸಿದ್ದು ಇದನ್ನೇ. ಇನ್ನೊಂದು ಕಡೆ ಅನುಕೂಲಸ್ಥರ ಮನೆಯ ಹೆಣ್ಣುಮಕ್ಕಳು ಹವ್ಯಾಸಕ್ಕೆ ಅಂತ ಒಡವೆ, ಎನಾಮಲ್ ಮಾಡಿ ಸಿಕ್ಕ ಬೆಲೆಗೆ ಕೊಡುತ್ತಿದ್ದರು. ಅವರಿಗೆ ಅದು ಹೊಟ್ಟೆಪಾಡಲ್ಲ. ಇವರಿಗೆ ಹೊಟ್ಟೆಪಾಡು.

ಎರಡನೇ ಏಟು ಹಳ್ಳಿಯಿಂದಲೇ. ಲಂಡನ್ನಿನಲ್ಲಿದ್ದಾಗ ಆರ್ಡರ್ ಕಮ್ಮಿಯಾದರೆ ಕೆಲಸಗಾರ ನಾಲ್ಕು ತಿಂಗಳು ಬೇರೆ ಕಡೆ ದುಡಿದು ಮತ್ತೆ ಬರಬಹುದಿತ್ತು. ಕ್ಯಾಂಪ್ಡೆನ್‌ನಲ್ಲಿ ಬೆಳ್ಳಿ ಕೆಲಸದವನಿಗೆ ಬೇರೆ ಕೆಲಸ ಎಲ್ಲಿದೆ? ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಿನ್ನ ನಂಬಿ ಬಂದಿದ್ದಾನೆ. ಕಳಿಸೋಕಾಗಲ್ಲ. ಆರ್ಡರ್ ಇರಲಿ ಬಿಡಲಿ ಸಂಬಳ ಕೊಡಬೇಕು. ಮಾರಾಟವಾಗದ ಮಾಲು ಕಪಾಟಿನಲ್ಲಿ ಕೂತಿತು. ಸಾಲ ಬೆಳೆಯಿತು. ಕಲಾವಿದರನ್ನು ಕರೆತಂದು ಊರು ಕಟ್ಟುವ ಯೋಜನೆಗಳನ್ನು ಯಾರೇ ಹಾಕಲಿ, ಈ ಒಂದು ಲೆಕ್ಕವನ್ನು ಮೊದಲು ನೋಡಬೇಕು ಅನ್ನಿಸುತ್ತೆ. ಬಂದ ಒಬ್ಬೊಬ್ಬನಿಗೂ ಕೈ ಖಾಲಿಯಾದ ತಿಂಗಳು ಎಲ್ಲಿಂದ ಅನ್ನ?

1907ರ ಕೊನೆಗೆ ಕಂಪನಿ ಮುಚ್ಚುವ ತೀರ್ಮಾನವಾಯಿತು. 1908ರಲ್ಲಿ ಮುಚ್ಚಿತು. ಶುರುವಾಗಿ ಸರಿಯಾಗಿ 20 ವರ್ಷ. ಕೆಲವರು ಲಂಡನ್ನಿಗೆ ವಾಪಸ್ ಹೋದರು, ಕೆಲವರು ದೇಶವನ್ನೇ ಬಿಟ್ಟರು. ಅಷ್ಟು ದೂರದಿಂದ ಕರೆತಂದ ಜನ ಒಬ್ಬೊಬ್ಬರಾಗಿ ಗಂಟು ಕಟ್ಟೋದನ್ನ ಆಶ್ಬಿ ನಿಂತು ನೋಡಬೇಕಾಯಿತು. ಆಗ ಅವರಿಗೆ 45 ವರ್ಷ.

ಕುಮಾರಸ್ವಾಮಿ ಬಂದದ್ದು

ಸಂಘ ಮುಳುಗುತ್ತಿದ್ದ ಹೊತ್ತಿನಲ್ಲೇ ನಮ್ಮ ಕಡೆಯವರು ಒಬ್ಬರು ಆ ಊರಿಗೆ ಬಂದರು. ಆನಂದ ಕುಮಾರಸ್ವಾಮಿ. ಭಾರತೀಯ ಕಲೆ ಬಗ್ಗೆ ಬರೆದ ಮಹನೀಯರು ಅಂತ ನಮಗೆ ಪರಿಚಯ. ಹುಟ್ಟಿದ್ದು 1877ರಲ್ಲಿ ಕೊಲಂಬೊದಲ್ಲಿ, ಓದಿದ್ದು ಭೂವಿಜ್ಞಾನ. ಗಣಿ ಊರಿನವರಾದ ನಾವು ಇದನ್ನ ನೆನಪಿಡಬೇಕು: ಅವರ ಮೊದಲ ಉದ್ಯೋಗ ಸಿಲೋನಿನ ಖನಿಜ ಸರ್ವೆಯ ಮುಖ್ಯಸ್ಥ. ಕಲ್ಲು ಹುಡುಕಿಕೊಂಡು ಹಳ್ಳಿ ಹಳ್ಳಿ ಸುತ್ತುವಾಗ ಅಲ್ಲಿಯ ಕುಶಲಕರ್ಮಿಗಳು ಯಂತ್ರದ ಮಾಲಿನ ಮುಂದೆ ಸೋತು ಕಸುಬು ಬಿಡೋದನ್ನ ಕಣ್ಣಾರೆ ಕಂಡರು.

ಅವರ ಹೆಂಡತಿ ಎಥೆಲ್ ಅವರ ತಮ್ಮ ಆಶ್ಬಿ ಸಂಘದಲ್ಲಿ ಒಡವೆ ಕೆಲಸ ಮಾಡಿದ್ದವರು. ಹಾಗೆ ನಂಟು. 1907ರಲ್ಲಿ ಕುಮಾರಸ್ವಾಮಿ ಇಂಗ್ಲೆಂಡಿಗೆ ಬಂದಾಗ ಕ್ಯಾಂಪ್ಡೆನ್ ಪಕ್ಕದ ಬ್ರಾಡ್ ಕ್ಯಾಂಪ್ಡೆನ್‌ನಲ್ಲಿ ಪಾಳುಬಿದ್ದಿದ್ದ ನಾರ್ಮನ್ ಕಾಲದ ಪ್ರಾರ್ಥನಾ ಮಂದಿರವನ್ನು ಆಶ್ಬಿ ಮನೆಯಾಗಿ ಮಾಡಿಕೊಟ್ಟರು. ಮಾರಿಸ್ ಬಳಸಿದ್ದ ಅಚ್ಚಿನ ಯಂತ್ರ ಅಲ್ಲಿಗೆ ಬಂತು. ಮಧ್ಯಕಾಲೀನ ಸಿಂಹಳ ಕಲೆಯ ಬಗ್ಗೆ ಕುಮಾರಸ್ವಾಮಿ ಬರೆದ ದೊಡ್ಡ ಗ್ರಂಥ ಅದರಲ್ಲೇ ಕೈಯಿಂದ ಅಚ್ಚಾಗಿ 1908ರಲ್ಲಿ ಹೊರಬಂತು. ಬರೀ 425 ಪ್ರತಿ. ಮಾರನೇ ವರ್ಷ ಭಾರತದ ಕುಶಲಕರ್ಮಿಗಳ ಬಗ್ಗೆ ಅವರು ಬರೆದ ಪುಸ್ತಕಕ್ಕೆ ಮುನ್ನುಡಿ ಬರೆದದ್ದು ಆಶ್ಬಿ. ನಮ್ಮ ಹಳ್ಳಿಯ ಕಮ್ಮಾರ, ನೇಕಾರ, ಅಕ್ಕಸಾಲಿಗರಿಗೆ ಊರೇ ಆಸರೆಯಾಗಿ ನಿಲ್ಲುತ್ತಿದ್ದ ಹಳೇ ವ್ಯವಸ್ಥೆಯನ್ನು ವಿವರಿಸೋ ಪುಸ್ತಕ ಅದು. ಈಗಷ್ಟೇ ಅಂಥದ್ದೊಂದು ಆಸರೆ ಕಟ್ಟಲು ಹೋಗಿ ಕೈ ಸುಟ್ಟುಕೊಂಡವರ ಕೈಯಲ್ಲಿ ಅದಕ್ಕೆ ಮುನ್ನುಡಿ! ಎಥೆಲ್ ಮುಂದೆ ಎಥೆಲ್ ಮೈರೆ ಹೆಸರಿನಲ್ಲಿ ಇಂಗ್ಲೆಂಡಿನ ದೊಡ್ಡ ಕೈಮಗ್ಗ ನೇಕಾರ್ತಿ ಆದರು.

ಹೋಗದೆ ಉಳಿದವರು

ಈಗ ಮುಖ್ಯ ವಿಷಯಕ್ಕೆ ಬರೋಣ. ಕಂಪನಿ ಮುಚ್ಚಿದರೂ ಎಲ್ಲರೂ ಊರು ಬಿಡಲಿಲ್ಲ.

ಜೋಸೆಫ್ ಫೆಲ್ಸ್ ಅಂತ ಅಮೆರಿಕದ ಸೋಪಿನ ವ್ಯಾಪಾರಿ. ಭೂಮಿ ದುಡಿಯುವವನ ಕೈಯಲ್ಲಿರಬೇಕು ಅನ್ನೋ ವಿಚಾರದವರು. ಬ್ರಾಡ್ ಕ್ಯಾಂಪ್ಡೆನ್‌ನಲ್ಲಿ 70 ಎಕರೆ ಕೊಂಡು ಉಳಿದ ಕೆಲಸಗಾರರಿಗೆ ತುಂಡು ತುಂಡು ಬೇಸಾಯಕ್ಕೆ ಕೊಟ್ಟರು. ಅರ್ಧ ದಿನ ಬೆಳ್ಳಿ, ಅರ್ಧ ದಿನ ತರಕಾರಿ. ಕೇಳೋಕೆ ಚಂದ, ನಡೆಸೋಕೆ ಕಷ್ಟ. ಲಂಡನ್ ಬೀದಿಯಲ್ಲಿ ಬೆಳೆದವರಿಗೆ ಗುದ್ದಲಿ ಎಲ್ಲಿ ಒಗ್ಗುತ್ತೆ. ಆದರೂ ಕೆಲವರು ಹಲ್ಲು ಕಚ್ಚಿ ನಿಂತರು.

ಬೆಳ್ಳಿ ಕೆಲಸದ ಜಾರ್ಜ್ ಹಾರ್ಟ್ ರೇಷ್ಮೆ ಗಿರಣಿಯಲ್ಲೇ ಉಳಿದರು. ಗ್ಲಾಸ್ಗೋದಿಂದ ಬಂದಿದ್ದ ಅಲೆಕ್ ಮಿಲ್ಲರ್ ಮರ ಮತ್ತು ಕಲ್ಲಿನ ಕೆತ್ತನೆಯಲ್ಲಿ ಹೆಸರು ಮಾಡಿದರು. ಬಡಗಿಗಳ ಮೇಸ್ತ್ರಿಯಾಗಿದ್ದ ಜಿಮ್ ಪೈಮೆಂಟ್ ಊರಿನಲ್ಲೇ ಕಟ್ಟಡ ಗುತ್ತಿಗೆ ಶುರು ಮಾಡಿದರು. ಸುತ್ತಮುತ್ತಲ ಹಳೇ ಮನೆಗಳನ್ನು ಕೆಡಿಸದೆ ರಿಪೇರಿ ಮಾಡೋ ಕೈ ಅಲ್ಲಿ ಸಿಗುತ್ತೆ ಅಂತಾಯ್ತು. ಅಷ್ಟರಲ್ಲಿ ಎಫ್. ಎಲ್. ಗ್ರಿಗ್ಸ್ ಅನ್ನೋ ಚಿತ್ರಕಾರರೂ ಬಂದಿದ್ದರು. ಒಂದು ಪುಸ್ತಕಕ್ಕೆ ಆ ಕಡೆಯ ಊರುಗಳ ಚಿತ್ರ ಬರೆಯಲು ಬಂದವರು ವಾಪಸ್ ಹೋಗಲೇ ಇಲ್ಲ. 1929ರಲ್ಲಿ ಊರಿನ ಹಳೇ ಕಟ್ಟಡ ಉಳಿಸಲು ಕ್ಯಾಂಪ್ಡೆನ್ ಟ್ರಸ್ಟ್ ಹುಟ್ಟಿದಾಗ ಅದರ ಬೆನ್ನೆಲುಬು ಅವರೇ.

ಸಂಘದ ಹೆಸರಿನಲ್ಲಿ ಬಂದಾಗ ಹೊರಗಿನವರಾಗಿದ್ದವರು, ಸಂಘ ಹೋದ ಮೇಲೆ ಊರಿನವರಾದರು. ಸಂಬಳ ಕೊಡೋ ಆಶ್ಬಿ ಇಲ್ಲ. ಊರಿನವನ ಮನೆಗೆ ಬಾಗಿಲು ಮಾಡಿಕೊಡಬೇಕು, ಊರಿನ ಚರ್ಚಿಗೆ ಕೆತ್ತನೆ ಮಾಡಿಕೊಡಬೇಕು, ಊರಿನ ಮಕ್ಕಳಿಗೆ ಕಲಿಸಬೇಕು. ಹಾಗೆ ಬೆರೆತರು. ಆಶ್ಬಿ ಕಂಡ ಕನಸು ದೊಡ್ಡದು, ನೂರೈವತ್ತು ಜನರದು. ಕೊನೆಗೆ ಊರಿಗೆ ದಕ್ಕಿದ್ದು ನಾಲ್ಕಾರು ಕುಟುಂಬ. ಅಷ್ಟೇ ಸಾಕಾಯಿತು.

ಜೆರುಸಲೇಂನಲ್ಲಿ ಮತ್ತೊಮ್ಮೆ

ಆಶ್ಬಿ ಇನ್ನೂ ಕೆಲವು ವರ್ಷ ಕ್ಯಾಂಪ್ಡೆನ್‌ನಲ್ಲೇ ಇದ್ದರು. ಕಂಪನಿ ಮುಚ್ಚಿದ ಮೇಲೆಯೂ ಕಲಾಶಾಲೆ 1916ರವರೆಗೆ ನಡೆಯಿತು. ಅಷ್ಟರಲ್ಲಿ ಅವರ ವಿಚಾರ ಬದಲಾಗಿತ್ತು. 1911ರ ಪುಸ್ತಕದಲ್ಲಿ ಇಂದಿನ ನಾಗರಿಕತೆ ನಿಂತಿರೋದೇ ಯಂತ್ರದ ಮೇಲೆ, ಅದನ್ನು ಒಪ್ಪದೆ ಕಲಾಶಿಕ್ಷಣದ ಮಾತಾಡಿ ಫಲವಿಲ್ಲ ಅನ್ನೋ ಅರ್ಥದಲ್ಲಿ ಬರೆದರು. 20 ವರ್ಷ ಸುತ್ತಿಗೆ ಗುರುತಿಗಾಗಿ ಬಡಿದಾಡಿದವರು ಹೀಗೆ ಬರೆಯಲು ಎಷ್ಟು ಕಷ್ಟಪಟ್ಟಿರಬೇಕು. ಹತ್ತು ವರ್ಷ ಹಿಂದೆ ಶಿಕಾಗೊದಲ್ಲಿ ಭೇಟಿಯಾಗಿ ಗೆಳೆಯರಾಗಿದ್ದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಯಂತ್ರದ ಪರವಾಗಿ ಮಾಡಿದ ವಾದ ಆಗ ಆಶ್ಬಿಗೆ ರುಚಿಸಿರಲಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಕೈರೋದಲ್ಲಿ ಮೇಷ್ಟ್ರಾಗಿದ್ದರು. 1918ರಲ್ಲಿ ಜೆರುಸಲೇಂನ ಬ್ರಿಟಿಷ್ ಗವರ್ನರ್ ರೊನಾಲ್ಡ್ ಸ್ಟೋರ್ಸ್ ಅವರನ್ನು ಕರೆಸಿಕೊಂಡು ನಗರ ಸಲಹೆಗಾರ ಮಾಡಿದರು. ಯುದ್ಧದಿಂದ ಬಡವಾದ ನಗರ. ಹಳೇ ಹತ್ತಿ ಪೇಟೆಯನ್ನು ಗುಡಿಸಿ ತೊಳೆಸಿ ಅಲ್ಲಿ ಕೈಮಗ್ಗ ಹೂಡಿಸಿದರು. ಹೆಬ್ರಾನ್‌ನ ಗಾಜು ಊದುವವರಿಗೆ ಆಸರೆ ಕೊಟ್ಟರು. ಕೋಟೆಗೋಡೆಯ ಮೇಲೆ ಜನ ನಡೆದಾಡಲು ದಾರಿ ಮಾಡಿಸಿದರು.

ಅಲ್ಲಿಯೂ ಹೊರಗಿನಿಂದ ಬಂದವನೊಬ್ಬ ಕಸುಬು ಹೊತ್ತು ತಂದ. ತುರ್ಕಿಯ ಕ್ಯೂತಾಹ್ಯ ಊರಿನ ಆರ್ಮೇನಿಯನ್ ಕುಂಭಕಲಾವಿದ ಡೇವಿಡ್ ಓಹನೆಸಿಯನ್. ನರಮೇಧದಲ್ಲಿ ಮನೆಮಠ ಕಳೆದುಕೊಂಡು ಬದುಕುಳಿದವರು. ಡೋಮ್ ಆಫ್ ದಿ ರಾಕ್ ಗುಮ್ಮಟದ ಹಳೇ ಬಣ್ಣದ ಹೆಂಚು ಸರಿಪಡಿಸಲು ಅವರನ್ನು ಕರೆಸಿದ್ದು. ಆ ಕೆಲಸ ಅಂದುಕೊಂಡ ಹಾಗೆ ಕೈಗೂಡಲಿಲ್ಲ. ಆದರೆ ಓಹನೆಸಿಯನ್ ಹೂಡಿದ ಗೂಡು ಆರಲಿಲ್ಲ. ಬೀದಿಗಳ ಹೆಸರಿನ ಹಲಗೆಗಳು ಅಲ್ಲಿ ಸುಟ್ಟ ಬಣ್ಣದ ಬಿಲ್ಲೆಗಳಾದವು. ನೀಲಿ ಹಸಿರು ಹೂಬಳ್ಳಿಯ ಆ ಆರ್ಮೇನಿಯನ್ ಪಿಂಗಾಣಿ ಈಗ ಜೆರುಸಲೇಂನದ್ದೇ ಗುರುತು. ಆಶ್ಬಿ ಮಾತ್ರ 1922ರಲ್ಲಿ ಬೇಸರದಿಂದ ಅಲ್ಲಿಂದ ಹೊರಟರು. ಬ್ರಿಟಿಷ್ ಸರ್ಕಾರದ ಪ್ಯಾಲೆಸ್ಟೈನ್ ನೀತಿ ಅವರಿಗೆ ಸರಿಬೀಳಲಿಲ್ಲ.

ಆಮೇಲೆ ಕೆಂಟ್‌ನಲ್ಲಿ ವಾಸ. ಹಳೇ ದಿನಚರಿಗಳನ್ನು ಒಟ್ಟುಗೂಡಿಸಿ ನೆನಪು ಬರೆದರು. ಅವರ ದಿನಚರಿ, ಪತ್ರಗಳು ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿವೆ. 1942ರ ಮೇ 23ರಂದು, 79ನೇ ವಯಸ್ಸಿನಲ್ಲಿ ತೀರಿಕೊಂಡರು. ಇನ್ನೊಂದು ಮಹಾಯುದ್ಧದ ನಡುವೆ.

ಇವತ್ತು ಕ್ಯಾಂಪ್ಡೆನ್ ಪ್ರವಾಸಿಗರು ಮುಗಿಬೀಳೋ ಊರು. 1955ರಲ್ಲಿ ರಾಬರ್ಟ್ ವೆಲ್ಚ್ ಅನ್ನೋ ಯುವ ವಿನ್ಯಾಸಕಾರ ಅದೇ ರೇಷ್ಮೆ ಗಿರಣಿಯಲ್ಲಿ ಜಾಗ ಹಿಡಿದು ಸ್ಟೀಲ್ ಚಮಚ, ಚಾಕುಗಳ ವಿನ್ಯಾಸಕ್ಕೆ ಹೆಸರಾದರು. ಯಂತ್ರದಲ್ಲಿ ತಯಾರಾಗೋ ವಸ್ತು, ವಿನ್ಯಾಸ ಮಾತ್ರ ಅಲ್ಲಿಯದು. 2007ರಿಂದ ಕೋರ್ಟ್ ಬಾರ್ನ್ ಅನ್ನೋ ಪುಟ್ಟ ಮ್ಯೂಸಿಯಂ ಇದೆ. ಮನೆ ಬೆಲೆ ಕೇಳಬೇಡಿ. 1902ರಲ್ಲಿ ಬಾಡಿಗೆ ಏರಿತು ಅಂತ ಗೊಣಗಿದವರ ಮೊಮ್ಮಕ್ಕಳು ಈಗ ಅಲ್ಲಿ ಮನೆ ಕೊಳ್ಳೋದು ಸುಲಭವಲ್ಲ. ಆ ಹಳೇ ದೂರಿಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಗಿರಣಿಯ ಮೆಟ್ಟಿಲು ಹತ್ತಿ ಮೇಲೆ ಹೋದರೆ ಹಾರ್ಟ್ ಮನೆತನದ ಬೆಳ್ಳಿ ಕೆಲಸದ ಕೋಣೆ. ಜಾರ್ಜ್ ಹಾರ್ಟ್ ಕೂತಿದ್ದ ಜಾಗದಲ್ಲೇ ಅವರ ಮುಂದಿನ ತಲೆಮಾರುಗಳೂ ಕೂತು ತಗಡು ಬಡಿದವು. ಹಳೇ ಸುತ್ತಿಗೆಗಳು ಗೋಡೆಗೆ ಸಾಲಾಗಿ ನೇತಾಡ್ತವೆ, ಸೂರಿನಿಂದ ಹಳೇ ಬಿಲ್ಲುಗಳ ಕಂತೆಗಳು ಇಳಿಬಿದ್ದಿವೆ.